ಹೊಳೆ ದಂಡೆಗೆ ನಿಂತ ಪದ

ಹಿರಿಯೂರು
ತಾ. ೫-೨-೧೯೭೭

ಪ್ರೀತಿಯ ಚಿತ್ತಣ್ಣನಿಗೆ ತಂಗಿ ನಾಗಿ ಮಾಡುವ ನಮಸ್ಕಾರ.

ನೀನು ಹೇಗಿದ್ದೀಯ, ಈರಕ್ಕ ಅತ್ತಿಗೆ ಹೇಗಿದ್ದಾಳೆ? ನಿನ್ನ ಹಿಮ್ಮಡಿಯಲ್ಲಿ ಮುಳ್ಳು ಮುರಿದು ಕೀವಾಗಿದೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಅದು ಮಾಗಿತೋ ಇಲ್ಲವೋ? ಬೇವಿನ ಸೊಪ್ಪು ಅರೆದು ಕಟ್ಟು, ಉದಾಸೀನ ಮಾಡಬೇಡ. ಆ ಸೀಮೆಯಲ್ಲಿ ಕುರಿಗಳಿಗೆ ಮೇವು ನೀರು ಸಿಗುತ್ತಿದೆಯೇ, ರೈತರು ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ತರುಬಲು ಕರೆಯುತ್ತಿದ್ದಾರೆಯೇ? ನೀನು ಉಪ್ಪಿಗೆಂದು ಕಲ್ಯಾಣದುರ್ಗದ ಸೆಟ್ಟರ ಅಂಗಡಿಗೆ ಬರುವಷ್ಟರಲ್ಲಿ ಈ ಕಾಗದ ಅಲ್ಲಿ ಮುಟ್ಟಲಿ ಎಂದು ಒಲೆ ಹಚ್ಚುವುದನ್ನೂ ಬಿಟ್ಟು ಬರೆಯಲು ಕುಳಿತಿದ್ದೇನೆ. ಇಲ್ಲಿ ನಾನು, ನಿನ್ನ ಭಾವ ಚೆನ್ನಾಗಿದ್ದೇವೆ. ಐಮಂಗಲದ ಹತ್ತಿರದ ನಮ್ಮ ಹಟ್ಟಿಯಲ್ಲಿ ಅವ್ವನೂ ಚೆನ್ನಾಗಿದ್ದಾಳೆ. ಹೋದ ಸೋಮವಾರ ಹೋಗಿ ನೋಡಿಕೊಂಡು ಬಂದೆ. ಅವ್ವ ಈಗ ಮುದ್ದೆ ಉಣ್ಣುತ್ತಿದ್ದಾಳೆ. ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಇದನ್ನು ಓದಿ ನಿನಗೆ ಸಂತೋಷವಾಗುತ್ತದೆ ಎಂದು ಗೊತ್ತು. ನನಗೆ ಮಾತ್ರ ಅವಳು ಒಂದೊಂದು ತುತ್ತು ನುಂಗುವಾಗಲೂ ಭಯವಾಗುತ್ತಿತ್ತು. ಯಾಕೆಂದು ಹೇಳುತ್ತೇನೆ, ಅವಸರ ಮಾಡದೆ ಓದು.

ಬೆಂಗಳೂರಿನವರು ಚಿತ್ರದುರ್ಗಕ್ಕೆ ಕರೆಸಿ ಅಪ್ಪನ ಪದವನ್ನು ಮಿಷನ್ನಿನಲ್ಲಿ ಹಿಡಿದುಕೊಂಡು ಹೋಗಿದ್ದರಲ್ಲ, ಅದು ಗ್ರಾಮಫೋನ್ ಪ್ಲೇಟಾಗಿ ಬಂದಿದೆ ಅಣ್ಣ. ಬೆಂಗಳೂರಿನಿಂದ ಅಂಚೆಯಲ್ಲಿ ಬಂತು. ದೊಡ್ಡ ಪ್ಲೇಟು, ನಮ್ಮ ಅಂಗಡಿಯಲ್ಲಿರುವ ಸಿನಿಮಾ ಪ್ಲೇಟುಗಳಂಥದ್ದಲ್ಲ, ಅದರ ಒಂದು ಬಗಲು ತಿರುಗಿ ಮುಗಿಯುವಷ್ಟರಲ್ಲಿ ಅನ್ನಕ್ಕಿಟ್ಟ ಎಸರು ಕಾದು ಅಕ್ಕಿ ಬೆಂದಿರುತ್ತದೆ. ರಟ್ಟಿನ ಮೇಲೆ ಯಾವುದೋ ಗುಡ್ಡದ ಚಿತ್ರ, ಕೆಳಗೆ 'ಜುಂಜಯ್ಯ ಮತ್ತು ಸಂಗಡಿಗರು' ಎಂದು ಅಚ್ಚಾಗಿದೆ. ನಿನ್ನ ಭಾವ ಅದನ್ನು ಎದೆಗೆ ಒತ್ತಿಕೊಂಡು ಬಸ್ ಸ್ಟ್ಯಾಂಡಿನ ತುಂಬ ತೋರಿಸಿಕೊಂಡು ಬಂದರು. ಮೈಕ್ ಸೆಟ್ ಅಂಗಡಿ ಇಟ್ಟಾಗಿನಿಂದ ಊರವರ ಮದುವೆಗೆ ಊರವರ ಹಾಡು ಹಾಕಿದ ಮನುಷ್ಯನಿಗೆ, ತನ್ನ ಮಾವನ ಹೆಸರಿರುವ ಪ್ಲೇಟು ಕೈಗೆ ಬಂದರೆ ಹೇಗಾಗಿರಬೇಡ. ಎಳನೀರು ಅಂಗಡಿಯ ಹನುಮಂತಯ್ಯ ನೋಡಿ, 'ಏನಪ್ಪ, ನಿಮ್ಮ ಮಾವ ಬಾಂಬೆಗೆ ಹೋಗಿ ಹಾಡ್ದಂಗೆ ಐತಲ್ಲ' ಎಂದನಂತೆ.

ನಾನು ಪ್ಲೇಟುಗಳ ಜೊತೆಗೇ ಬಾಳುವೆ ಮಾಡಿದವಳು. ಮೆತ್ತನೆ ಬಟ್ಟೆಯಲ್ಲಿ ಅವುಗಳ ದೂಳು ಒರೆಸುವುದು ನನ್ನ ಕೆಲಸ. ಯಾವುದು ಎಲ್ಲಿ ಗೀರಿದೆ, ಯಾವುದು ಎಲ್ಲಿ ತೊದಲುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಬೆಳಗ್ಗೆ ದೇವರ ಹಾಡು, ಬೀಗರ ಗಾಡಿ ಬಂದಾಗ ಕುಣಿತದ ಹಾಡು, ಊಟದ ಪಂಕ್ತಿಗೆ ವಾದ್ಯ ಎಂದು ಅವುಗಳನ್ನು ಸಾಲಾಗಿ ಜೋಡಿಸಿ ಪೆಟ್ಟಿಗೆಗೆ ತುಂಬಿ ಕಳಿಸುತ್ತೇನೆ. ನನಗೆ ಅವು ಇಷ್ಟ. ಅಪ್ಪ ಹೋದಮೇಲೆ ದಿನವೂ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಮಾಡಿಕೊಂಡಿದ್ದೇನೆ, ಅದರಲ್ಲಿ ಅರ್ಧಕ್ಕರ್ಧ ಯಾವ ಹಾಡು ಕೇಳಿದೆ, ಕೇಳಿದಾಗ ಏನಾಯಿತು ಎಂಬುದೇ ಇದೆ. ಆದರೂ ಪ್ಲೇಟಿನ ಹಾಡು ಒಂದು ತೆರ, ಎದುರಿಗೆ ಕುಳಿತು ಹಾಡುವುದು ಇನ್ನೊಂದು ತೆರ. ಹೊಳಲ್ಕೆರೆಯಲ್ಲಿ ಭಜನೆಯ ಮುರುಗಪ್ಪನವರು ಜನ ತಲೆದೂಗಿದರೆ ಒಂದೇ ಸಾಲನ್ನು ತಿರುತಿರುಗಿ ಎತ್ತುತ್ತಾರೆ, ಮಕ್ಕಳು ಮಲಗಿದ್ದರೆ ದನಿ ತಗ್ಗಿಸುತ್ತಾರೆ. ಪ್ಲೇಟಿಗೆ ಯಾರು ಎದುರಿಗಿದ್ದಾರೆ ಎಂಬುದು ಗೊತ್ತಿಲ್ಲ. ಹೊಸದುರ್ಗದ ಮದುವೆಯಲ್ಲಿ ಸೋಬಾನೆ ಹಾಡುತ್ತಿದ್ದ ದ್ಯಾಮಮ್ಮಜ್ಜಿಯ ತಲೆಯ ಮೇಲೇ ನಿನ್ನ ಭಾವ ಹಾರ್ನು ಕಟ್ಟಿಬಿಟ್ಟಿದ್ದರು. ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು, 'ಏ ಮೈಕಿನಪ್ಪ, ನಿನ್ ಡಬ್ಬಕ್ಕೆ ಉಸ್ರು ಕಟ್ಟಲ್ಲ, ನಮಗೆ ಕಟ್ತೈತೆ. ಒಂಚೂರು ಮುಚ್ಚು, ನಾವೂ ಹೆಣ್ಣಿನ ಕಡೇರು!' ಎಂದಳು. ಮಂಟಪವೆಲ್ಲ ನಕ್ಕಿತು. ನಿನ್ನ ಭಾವ ಮುಚ್ಚಿದರು.

ಅಪ್ಪನ ಪ್ಲೇಟನ್ನು ನಾವು ಮೊದಲು ಕೇಳಿದ್ದು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಮಧ್ಯಾಹ್ನ. ನಿನ್ನ ಭಾವ ಪ್ಲೇಟಿನ ಮೇಲೆ ಮುಳ್ಳು ಇಳಿಸಿದರು. ಮೊದಲು ಗಣೆಯ ಉಸಿರು ಬಂತು. ಆಳೆತ್ತರದ ಆ ಬಿದಿರ ಕೊಳಲಿಗೆ ಅಪ್ಪ ತುಟಿ ಇಡುವ ಮೊದಲು ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದನಲ್ಲ, ಅದೂ ಬಂತು ಅಣ್ಣ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆಮೇಲೆ ಪದ ಎತ್ತಿದ. ಅದೇ ದನಿ. ಆದರೆ ಪ್ರತಿ ಸಾಲಿನ ಕೊನೆಗೂ ಒಂದು ಗಳಿಗೆ ಸುಮ್ಮನಾಗುತ್ತಿದ್ದ. ಏನೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಅಪ್ಪ ಕಾಯುತ್ತಿದ್ದ. ಹಟ್ಟಿಯಲ್ಲಾದರೆ ಅಲ್ಲಿ ಕೇಳುವವರು ಹೂಂ ಎನ್ನುತ್ತಾರೆ, ಆ ಹೂಂ ಮೇಲೆ ಕಾಲಿಟ್ಟುಕೊಂಡು ಮುಂದಿನ ಸಾಲಿಗೆ ಹೋಗುವುದು. ದುರ್ಗದಲ್ಲಿ ಪದ ಹಿಡಿದುಕೊಂಡವರು ಸಂಗಡಿಗರಿಗೆ ಬಾಯಿ ಬಿಡಬೇಡಿ, ಸದ್ದು ಬೇಡ ಎಂದಿದ್ದರು. ಅಪ್ಪ ಒಬ್ಬನೇ ಕಾದು, ಯಾರೂ ಓಗೊಡದೆ, ತಾನೇ ಮುಂದಕ್ಕೆ ಹೋಗುತ್ತಿದ್ದ. ನನಗೆ ತಡೆಯಲಾಗದೆ ಪ್ಲೇಟಿನ ಮುಂದೆ ಕುಳಿತು ಹೂಂ, ಹೂಂ ಎನ್ನತೊಡಗಿದೆ. ನಿನ್ನ ಭಾವ ನನ್ನ ಮುಖ ನೋಡಿ ಆ ಕಡೆ ತಿರುಗಿಕೊಂಡರು.

ಪದ ಎರಡನೆಯ ಬಗಲಿನ ಕೊನೆಗೆ ಬಂತು. ದೇವರು ದನಗಳನ್ನು ಹೊಡೆದುಕೊಂಡು ಬಂದು, ಹೊಳೆ ತುಂಬಿರುವುದನ್ನು ಕಂಡು ದಂಡೆಯ ಮೇಲೆ ನಿಂತ ಕಡೆ. ಅಲ್ಲಿ ಅಪ್ಪನ ದನಿ ನಿಂತಿತು. ಗಣೆ ಇಲ್ಲ, ಮಂಗಳವಿಲ್ಲ. ಆಮೇಲೆ ಮುಳ್ಳು ಒಂದೇ ಗೆರೆಯಲ್ಲಿ ಸುತ್ತುತ್ತಾ ಕರ್ ಕರ್ ಎನ್ನುತ್ತಿತ್ತು. ಎಷ್ಟೋ ಸಾವಿರ ಸಲ ಕೇಳಿದ ಸದ್ದು ಅದು, ಪ್ಲೇಟು ಮುಗಿದರೆ ಎಲ್ಲ ಪ್ಲೇಟೂ ಹಾಗೇ ಮಾಡುತ್ತವೆ. ಅವತ್ತು ಮಾತ್ರ ಯಾರೋ ಮರಳಿನ ಮೇಲೆ ಅತ್ತಿಂದಿತ್ತ ನಡೆದಾಡಿದ ಹಾಗೆ ಕೇಳಿಸಿತು. ಮುಳ್ಳು ಎತ್ತಲು ಕೈ ಬರಲಿಲ್ಲ.

ಎತ್ತಿದ ಪದವನ್ನು ಅರ್ಧಕ್ಕೆ ಇಳಿಸುವುದು ನಮ್ಮಲ್ಲಿಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ದುರ್ಗದಲ್ಲಿ ಅವತ್ತು ನಡೆದದ್ದು ನಿನಗೆ ಗೊತ್ತಿಲ್ಲ. ನೀನು ಹೋದ ವರ್ಷವೂ ಮಂದೆಯ ಜೊತೆಯಲ್ಲಿದ್ದೆ, ಬಂದಾಗ ಅಪ್ಪನ ಮಣ್ಣಾಗಿಹೋಗಿತ್ತು, ಆ ಗೋಳಿನಲ್ಲಿ ಇದನ್ನು ಯಾರೂ ಎತ್ತಲಿಲ್ಲ. ಒಂದು ಹಳೆಯ ಛತ್ರದ ಕೋಣೆಯಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕೂರಿಸಿದ್ದರು. ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಪದ ಹೊಳೆ ದಂಡೆಗೆ ಬಂದಾಗ, ಮಿಷನ್ನಿನ ಹತ್ತಿರ ಇದ್ದ ಕನ್ನಡಕದವರು ಟೇಪು ಮುಗಿಯಿತು ಎಂದು ಅಂಗೈ ಮೇಲೆತ್ತಿದರು. ಅಪ್ಪ ತಟ್ಟನೆ ನಿಲ್ಲಿಸಿಬಿಟ್ಟ. ಅವನ ತಪ್ಪಿಲ್ಲ ಅಣ್ಣ. ಅಪ್ಪನ ಎದುರಿಗೆ ಹುಟ್ಟಿದಾಗಿನಿಂದ ಅಂಗೈ ಎತ್ತಿದವರು ಹಟ್ಟಿಯ ಪೂಜಾರಿ ಒಬ್ಬರೇ. ದೇವರಿಗೆ ಒಪ್ಪಿಗೆಯಾಯಿತು, ಇಳಿಸು ಎಂದರೆ ಮಾತ್ರ ಪೂಜಾರಿ ಕೈ ಎತ್ತುವುದು. ಕೈ ಕಂಡೊಡನೆ ಅಪ್ಪನ ಬಾಯಿ ತಾನಾಗಿ ಮುಚ್ಚಿತು. ಆ ಪುಣ್ಯಾತ್ಮರಿಗೆ ಇದೆಲ್ಲ ಏನು ಗೊತ್ತು? 'ಬಹಳ ಚೆನ್ನಾಗಿ ಬಂತು ಯಜಮಾನರೇ' ಎಂದು ಕಾಫಿ ಕುಡಿಸಿ ಬಸ್ ಹತ್ತಿಸಿದರು. ಬಸ್ ಐಮಂಗಲದ ಹತ್ತಿರ ಬಂದಾಗ ಅಪ್ಪ ನನ್ನ ರಟ್ಟೆ ಹಿಡಿದುಕೊಂಡು, 'ನಾಗೀ, ಸ್ವಾಮಿನ ಹೊಳೆ ದಾಟಿಸ್ನಿಲ್ಲ ಕಣೇ. ದಂಡೆ ಮ್ಯಾಲೆ ಬಿಟ್ಟು ಬಂದ್ಬಿಟ್ಟೆ' ಎಂದ. ಮತ್ತೆ ಮೊದಲಿನಿಂದ ಎತ್ತಿ ಪೂರ್ತಿ ಇಳಿಸುತ್ತೇನೆ ಎಂದು ಮಡಿ ಮಾಡಿಕೊಳ್ಳುವಷ್ಟರಲ್ಲಿ ಜ್ವರ ಬಂತು. ಎದೆ ಕಟ್ಟಿತು. ಗಣೆ ಎತ್ತಲು ಆಗಲೇ ಇಲ್ಲ, ಹಾಗೇ ಹೋಗಿಬಿಟ್ಟ.

ಆವತ್ತಿನಿಂದ ಅವ್ವ ಹೇಗಿದ್ದಳು ಎಂದು ನೀನೇ ಕಂಡಿದ್ದೀಯ. ದುಃಖ ಎಂದು ನೀನು ತಿಳಿದಿದ್ದೆ. ಬರೀ ದುಃಖವಲ್ಲ, ಸ್ವಾಮಿಯನ್ನು ದಾಟಿಸದೆ ಹೋದ ಅಪ್ಪನೂ ಆ ಹೊಳೆ ದಾಟಿಲ್ಲ ಎಂಬ ನಂಬಿಕೆ. ಸಂಜೆ ಮಂದೆ ಬರುವ ಹೊತ್ತಿಗೆ ಹಟ್ಟಿಯ ಮುಳ್ಳುಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಕರೆದರೆ, 'ನಿಮ್ಮಪ್ಪ ಇನ್ನೂ ದಂಡೆ ಮ್ಯಾಲೇ ನಿಂತವ್ನೆ, ನಾನ್ ಹೆಂಗೆ ಉಣ್ಲಿ' ಎನ್ನುತ್ತಿದ್ದಳು. ಒಂದೆರಡು ತುತ್ತು ಬಿಟ್ಟರೆ ಏನೂ ಸೇರುತ್ತಿರಲಿಲ್ಲ. ಈ ಕಾರ್ತೀಕದ ಹೊತ್ತಿಗೆ ಕೈ ಹಿಡಿದರೆ ಎಲುಬು ಸಿಗುವ ಹಾಗಾಗಿದ್ದಳು. ಡಾಕ್ಟರಿಗೆ ತೋರಿಸಿದೆವು, ರೋಗ ಏನೂ ಇಲ್ಲ, ಚೆನ್ನಾಗಿ ಊಟ ಹಾಕಿ ಎಂದರು. ನಿನಗೆ ಬರೆದರೆ ಮಂದೆ ಬಿಟ್ಟು ಹೇಗೆ ಬರುತ್ತಾನೆ ಎಂದು ಅವ್ವನೇ ಬೇಡವೆಂದಳು.

ಇಲ್ಲಿ ನಿನ್ನ ಭಾವ ಒಂದು ಕೆಲಸ ಮಾಡಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಅದಕ್ಕೇ ಬೈಯಲೂ ಆಗುತ್ತಿಲ್ಲ. ಪ್ಲೇಟು ಬಂದ ಮಾರನೆಯ ದಿನ ಹಟ್ಟಿಗೆ ಹೋಗಿ ಅವ್ವನ ಮುಂದೆ ರಟ್ಟನ್ನು ಹಿಡಿದಿದ್ದಾರೆ. ಅವ್ವ ಅದನ್ನು ಸವರಿ ನೋಡಿ, 'ಪೂರ್ತಿ ಐತೇನಪ್ಪ ಇದ್ರಾಗೆ? ಹೊಳೆ ದಾಟ್ತಾನಾ?' ಎಂದು ಕೇಳಿದಳಂತೆ. ಆ ಕಣ್ಣು ನೋಡಿ ಇಲ್ಲ ಎನ್ನಲು ಆಗಲಿಲ್ಲ ಎನ್ನುತ್ತಾರೆ. 'ಪೂರ್ತಿ ಐತೆ ಅತ್ತೆ, ಮಿಷನ್ನೊಳಗೆ ಎಲ್ಲ ಹಿಡ್ಕಂಡೈತೆ, ಮಾವನ ವರ್ಷದ ಕಾರ್ಯಕ್ಕೆ ಹಾರ್ನು ಕಟ್ಟಿ ಹಟ್ಟಿಗೆಲ್ಲ ಕೇಳಿಸ್ತೀನಿ' ಎಂದುಬಿಟ್ಟಿದ್ದಾರೆ. ಅವ್ವ ಆವತ್ತೇ ಕೇಳಿ ಮುದ್ದೆ ಹಾಕಿಸಿಕೊಂಡು ಉಂಡಳಂತೆ. ಅವತ್ತಿನಿಂದ ಬೇಲಿಯ ಹತ್ತಿರ ಹೋಗಿ ನಿಂತಿಲ್ಲ.

ಪೂಜಾರಿ ಉಗ್ರಪ್ಪನವರೂ ಒಪ್ಪಿದ್ದಾರೆ. ಕರೆಂಟಿನ ಸಾಮಾನು ಹಟ್ಟಿಯೊಳಗೆ ಬರಬಾರದು, ಬೇಲಿಯ ಹೊರಗಿನ ಬೇವಿನ ಮರಕ್ಕೆ ಕಟ್ಟಿಕೊಳ್ಳಿ, ಬ್ಯಾಟರಿಯೂ ಅಲ್ಲೇ ಇರಲಿ ಎಂದಿದ್ದಾರೆ. ಶಿವರಾತ್ರಿ ಕಳೆದು ಬರುವ ಅಮಾವಾಸ್ಯೆಗೆ ಕಾರ್ಯ. ಯಲ್ಲದಕೆರೆಯ ಬೀಗರಿಗೂ ಹೇಳಿಕೆ ಹೋಗಿದೆ. ನಾನು ನಿನ್ನ ಭಾವನಿಗೆ ಹೇಳಿದೆ, ಇದು ಅರ್ಧಕ್ಕೆ ನಿಂತಿರುವ ಪದ, ಹಾಕಬೇಡಿ ಎಂದು. 'ಪ್ಲೇಟಿಗೆ ಇರೋವೇ ಎರಡು ಬಗಲು ಕಣೇ, ಮೂರನೇದು ಎಲ್ಲಿಂದ ತರ್ಲಿ ನಾನು?' ಎಂದು ರೇಗಿದರು. ಆಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತರು. ಮುಳ್ಳು ಮುರಿಯಿತು ಎಂದು ಹೇಳಿದರಾಯಿತು ಎಂದರು. ಬ್ಯಾಟರಿ ಕೈಕೊಟ್ಟಿತು ಎನ್ನೋಣ ಎಂದರು. ಎರಡೂ ಆಗುವುದಿಲ್ಲ ಎಂದು ಅವರಿಗೂ ಗೊತ್ತು. ಅವ್ವ ಈ ತುತ್ತುಗಳನ್ನು ನುಂಗುತ್ತಿರುವುದೇ ಆ ಅಮಾವಾಸ್ಯೆಯನ್ನು ನಂಬಿ. ಅಂದು ಪ್ಲೇಟು ಹಾಕದಿದ್ದರೆ ಅವಳು ಮತ್ತೆ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಹಾಕಿದರೆ, ಗಂಡನ ದನಿ ಎಲ್ಲರ ಎದುರಿಗೆ ಅದೇ ದಂಡೆಯ ಮೇಲೆ ಇನ್ನೊಂದು ಸಲ ನಿಂತುಹೋಗುವುದನ್ನು ಕೇಳುತ್ತಾಳೆ. ಆ ಮೇಲೆ ಕರ್ ಕರ್ ಎಂಬ ಸದ್ದು ಬೇವಿನ ಮರದಿಂದ ಹಟ್ಟಿಯ ಮೇಲೆಲ್ಲ ಬರುತ್ತದೆ. ಅದನ್ನು ಕೇಳಿ ಅವ್ವ ಉಳಿಯುತ್ತಾಳೆ ಎಂದು ನನಗೆ ಅನಿಸುವುದಿಲ್ಲ ಅಣ್ಣ.

ಅದಕ್ಕೆ ನಿನ್ನನ್ನು ಕೇಳಿಕೊಳ್ಳುತ್ತಿದ್ದೇನೆ, ಬಾ. ಅಪ್ಪ ಪದ ಕಲಿಸಿದ್ದು ನಿನಗೆ. ಪ್ಲೇಟು ದಂಡೆಗೆ ಬಂದು ನಿಂತ ಗಳಿಗೆಗೇ ನೀನು ಗಣೆ ಎತ್ತಿ ಅಲ್ಲಿಂದ ಮುಂದಕ್ಕೆ ತೆಗೆದುಕೊಂಡು ಹೋಗು. ಅಪ್ಪನ ದನಿಗೆ ನಿನ್ನ ದನಿ ಸೇರಿದರೆ ಪದ ಕಡಿಯಿತು ಎಂದು ಯಾರೂ ಅನ್ನುವುದಿಲ್ಲ, ಉಗ್ರಪ್ಪನವರೂ ಅನ್ನಲಾರರು. ಬೇರೆ ಯಾರಿದ್ದಾರೆ ಹೇಳು? ಪದ ಬಲ್ಲ ಮಾರಣ್ಣಜ್ಜನಿಗೆ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿದೆ, ನೀರು ಕೇಳಿದರೂ ತಿಳಿಯುವುದಿಲ್ಲ. ಸಂಗಡಿಗರಿಗೆ ಹೂಂ ಎನ್ನುವುದು ಗೊತ್ತು, ಪದ ನಡೆಸುವುದು ಗೊತ್ತಿಲ್ಲ. ಮಂದೆಯನ್ನು ಅತ್ತಿಗೆಗೆ ಮತ್ತು ಜೊತೆಯವರಿಗೆ ಒಪ್ಪಿಸಿ, ಚಳ್ಳಕೆರೆಯ ಮೇಲೆ ಬರುವ ಯಾವುದಾದರೂ ಲಾರಿ ಹತ್ತಿ ಬಂದರೂ ಸರಿ. ಮರಿ ಹಾಕುವ ಕಾಲ ಎಂದು ಗೊತ್ತು. ಗೊತ್ತಿದ್ದೂ ಕರೆಯುತ್ತಿದ್ದೇನೆ ಎಂದರೆ ನೀನು ತಿಳಿದುಕೋ.

ಇನ್ನೊಂದು ವಿಷಯ ಬರೆಯುವುದೋ ಬೇಡವೋ ಎಂದು ಅಂಜುತ್ತಿದ್ದೇನೆ. ಪ್ಲೇಟು ಕೇಳಿದಾಗಿನಿಂದ ನನ್ನ ಬಾಯಿ ನನ್ನ ಮಾತು ಕೇಳುತ್ತಿಲ್ಲ. ನಿನ್ನೆ ರಾಗಿ ಜರಡಿ ಹಿಡಿಯುತ್ತಿದ್ದೆ, ದಂಡೆಯ ಮೇಲೆ ನಿಂತ ಸ್ವಾಮಿ ಕೋಲು ಮೇಲೆತ್ತಿದ ಸಾಲು ಬಾಯಿಗೆ ಬಂದುಬಿಟ್ಟಿತು, ಅದರ ಹಿಂದೆ ಇನ್ನೊಂದು ಸಾಲು, ಇನ್ನೊಂದು. ಗಟ್ಟಿಯಾಗಿಯೇ ಹಾಡುತ್ತಿದ್ದೆನಂತೆ. ನಿನ್ನ ಭಾವ ಅಂಗಡಿಯಿಂದ ಓಡಿಬಂದು ಹಿತ್ತಲ ಬಾಗಿಲು ಹಾಕಿದರು. 'ಏನೇ ಅದು, ಹೆಣ್ಣುಬಾಯಲ್ಲಿ? ಯಾರಾದ್ರೂ ಕೇಳಿದ್ರೆ ಹಟ್ಟಿಗೆ ಸೇರಿಸ್ತಾರಾ ನಮ್ಮನ್ನ?' ಎಂದರು. ಬೈದ ಹಾಗಿರಲಿಲ್ಲ, ಅವರ ಮುಖ ಬಿಳಿಚಿತ್ತು. ನಾನು ಜರಡಿ ಕೆಳಗಿಟ್ಟೆ. ಯಾರೂ ನನಗೆ ಕಲಿಸಿಲ್ಲ ಅಣ್ಣ. ಹೆಂಗಸರ ಸಾಲಿನಲ್ಲಿ ಕುಳಿತು ಕೇಳಿದ್ದಷ್ಟೇ. ಕೇಳಿದ್ದು ಒಳಗೆ ಹೀಗೆ ಕುಳಿತುಕೊಂಡಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡ, ಯಾರಿಗೂ ಹೇಳಲೂ ಬೇಡ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಬಿಸಿಲಲ್ಲಿ ಬರೀ ತಲೆಯಲ್ಲಿ ತಿರುಗಬೇಡ ಎನ್ನು. ಹುಟ್ಟುವ ಮರಿಗಳೆಲ್ಲ ಉಳಿಯಲಿ, ತೋಳದ ಕಣ್ಣು ಬೀಳದಿರಲಿ. ಸ್ವಾಮಿ ನಿನ್ನ ಬೆನ್ನಿಗಿರಲಿ.

ನಿನ್ನ ದಾರಿ ಕಾಯುವ ತಂಗಿ,
ನಾಗಿ

ತಾ.ಕ.: ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ, ಚೀಲ ಕಟ್ಟುವ ಹೊತ್ತಾಯಿತು. ನಡೆದು ಬರುವಾಗ ದಾರಿಯಲ್ಲಿ ತೀರ್ಮಾನ ಮಾಡಿಬಿಟ್ಟೆ. ನಿನಗೆ ಬರಲು ಆಗದಿದ್ದರೆ ಅಮಾವಾಸ್ಯೆಯ ದಿನ ಪ್ಲೇಟು ನಿಂತ ಕಡೆಯಿಂದ ನಾನೇ ಹಾಡುತ್ತೇನೆ. ಬೇಲಿಯ ಹೊರಗೆ, ಬೇವಿನ ಮರದ ಕೆಳಗೆ ನಿಂತುಕೊಂಡು, ಮೈಕಿನಲ್ಲಿ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ಉಗ್ರಪ್ಪನವರು ಏನು ಮಾಡುತ್ತಾರೋ, ದೇವರು ಏನು ಮಾಡುತ್ತಾನೋ, ನನಗೆ ಗೊತ್ತಿಲ್ಲ. ಆದರೆ ನನಗೆ ಬರುವುದು ಸ್ವಾಮಿ ನೀರಿಗೆ ಕಾಲಿಡುವವರೆಗೆ ಮಾತ್ರ. ಅಲ್ಲಿಗೆ ಹೆಂಗಸರೆಲ್ಲ ದೇವರ ಮೀಸಲು ಹಾಲು ತರಲು ಎದ್ದು ಹೋಗುತ್ತೇವಲ್ಲ, ತಿರುಗಿ ಬರುವಷ್ಟರಲ್ಲಿ ಪದ ಇಳಿದಿರುತ್ತದೆ. ನಡುಹೊಳೆಯಲ್ಲಿ ಏನಾಗುತ್ತದೆ ಎಂದು ನಾನು ಕೇಳಿಯೇ ಇಲ್ಲ. ಅವ್ವನೂ ಕೇಳಿಲ್ಲ, ನಾನು ಏನಾದರೂ ಕಟ್ಟಿ ಹಾಡಿದರೂ ಅವಳಿಗೆ ತಿಳಿಯುವುದಿಲ್ಲ. ಆದರೆ ಅಪ್ಪ ದಾಟಬೇಕಲ್ಲ ಅಣ್ಣ. ಆ ಸಾಲುಗಳನ್ನು ಬರೆದು ಕಳಿಸು. ಕಾರ್ಡಿನಲ್ಲಿ ಬೇಡ, ಲಕೋಟೆಯಲ್ಲಿ ಹಾಕಿ ಅಂಟಿಸು. ನನಗೆ ಬೈಯುವುದಿದ್ದರೆ ಬೈದೇ ಬರೆ, ಬೈಗುಳದ ಕೆಳಗೆ ಅವನ್ನೂ ಬರೆ.